ಬಲಾಕದ ಗರಿ: ಸೋಂದಾ ಸೀಮೆಯ ಹಕ್ಕಿಗಳೂ ಶರತ್ಕಾಲವೂ

ಶ್ರವಣಬೆಳಗೊಳದ 12ನೆಯ ಶತಮಾನದ ಶಾಸನಗಳು ಹೇಳುವ ಗುರುಪರಂಪರೆಯಲ್ಲಿ ಇಬ್ಬರು ಆಚಾರ್ಯರ ಅಭಿಧಾನಗಳು ಹಕ್ಕಿಯ ಗರಿಯಿಂದ ಬಂದವುಗಳಾಗಿವೆ. ತತ್ತ್ವಾರ್ಥಸೂತ್ರದ ಕರ್ತೃಗಳಾದ ಉಮಾಸ್ವಾತಿ ಆಚಾರ್ಯರಿಗೆ ಗೃಧ್ರಪಿಂಛರೆಂಬ ಹೆಸರಿದೆ; ಅವರ ಶಿಷ್ಯರನ್ನು ಬಲಾಕಪಿಂಛರೆಂದು ಕರೆಯಲಾಗಿದೆ. ಗೃಧ್ರವೆಂದರೆ ರಣಹದ್ದು, ಬಲಾಕವೆಂದರೆ ಬೆಳ್ಳಕ್ಕಿ. ನೆಲದ ಮೇಲಿನ ಸೂಕ್ಷ್ಮಜೀವಿಗಳನ್ನು ನೋಯಿಸದಂತೆ ಅತ್ತ ಸರಿಸುವುದಕ್ಕಾಗಿ ಮುನಿಗಳು ಹಿಡಿಯುವ ಪಿಂಛಿಯು ಇಂದು ನವಿಲುಗರಿಯದೇ ಆಗಿದ್ದರೂ, ಈ ಎರಡು ಹೆಸರುಗಳು ಬೇರೆ ಗರಿಗಳ ನೆನಪನ್ನು ಉಳಿಸಿಕೊಂಡಿವೆ. ಅದೇ ಬಲಾಕದ ಗರಿಗೆ ಇನ್ನೊಂದು ಚರಿತ್ರೆಯೂ ಇದೆ, ಅದು ರಕ್ತಸಿಕ್ತವಾದುದು. ಈ ಎರಡೂ ಚರಿತ್ರೆಗಳನ್ನು ಒಟ್ಟಿಗೆ ನೋಡುವುದಕ್ಕೆ ಉತ್ತರ ಕನ್ನಡದ ಸೋಂದೆಗಿಂತ ಉಚಿತವಾದ ಸ್ಥಳ ದೊರೆಯಲಾರದು.

ಸೋದೆ, ಸ್ವಾದಿ, ಸುಧಾಪುರ ಎಂಬ ನಾಮಾಂತರಗಳುಳ್ಳ ಸೋಂದಾ ಶಿರಸಿಯಿಂದ ಯಲ್ಲಾಪುರದ ಕಡೆಗೆ ಹೋಗುವ ಮಾರ್ಗದ ಆಸುಪಾಸಿನಲ್ಲಿ, ಶಾಲ್ಮಲಾ ನದಿಯ ಸೀಮೆಯಲ್ಲಿದೆ. 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕರ ಹೆಸರನ್ನೇ ಇಲ್ಲಿಯ ಜೈನ ಮಠದ ಭಟ್ಟಾರಕರು ಪರಂಪರೆಯಿಂದ ಧರಿಸುತ್ತ ಬಂದಿದ್ದಾರೆ. ವಾದಿರಾಜರ ಮಠವೂ ಸ್ವರ್ಣವಲ್ಲೀ ಮಠವೂ ಇದೇ ನೆರೆಯಲ್ಲಿವೆ. ಇಂತಹ ಕ್ಷೇತ್ರದಲ್ಲಿ ಕೆಲವೇ ಎಕರೆಗಳ ಒಂದು ಸಣ್ಣ ಕೆರೆ ಪ್ರಸಿದ್ಧಿಗೆ ಬಂದುದು ಯಾವ ಅರಸನಿಂದಲೂ ಅಲ್ಲ, ಬೆಳ್ಳಕ್ಕಿಗಳಿಂದ. ಅದೇ ಮುಂಡಿಗೆಕೆರೆ.

ಮುಂಡಿಗೆಯೆಂದರೆ ಕೇದಗೆಯ ಕುಲದ, ಎಲೆಯಂಚಿನಲ್ಲಿ ಮುಳ್ಳಿರುವ, ನೀರಿನಲ್ಲಿಯೇ ಬೇರೂರಿ ಹಿಂಡು ಹಿಂಡಾಗಿ ಬೆಳೆಯುವ ಗಿಡ. ಕೆರೆಯ ನಡುವೆ ಇಂತಹ ಮುಂಡಿಗೆಯ ಪೊದೆಗಳು ದ್ವೀಪಗಳಂತೆ ನಿಂತಿವೆ. ಸುತ್ತ ನೀರು, ಮೇಲೆ ಮುಳ್ಳು: ಹಾವು, ಕಾಡುಬೆಕ್ಕು, ಮನುಷ್ಯ ಯಾರಿಗೂ ಸುಲಭವಾಗಿ ಕೈಗೆಟುಕದ ತೊಟ್ಟಿಲು. ಮೇ ತಿಂಗಳ ಕೊನೆಗೆ ಅಥವಾ ಜೂನ್ ಆರಂಭದಲ್ಲಿ, ಮುಂಗಾರಿನ ಮೊದಲ ಮೋಡಗಳೊಡನೆ ಬೆಳ್ಳಕ್ಕಿಗಳು ಇಲ್ಲಿ ಬಂದಿಳಿಯುತ್ತವೆ. ಅವು ಬಂದವೆಂದರೆ ಮಳೆ ಬಂತೆಂದೇ ಊರವರ ಎಣಿಕೆ. ಕಾಳಿದಾಸನು ಮೇಘದೂತದಲ್ಲಿ ಬಲಾಕಗಳ ಸಾಲನ್ನು ಮೋಡದ ಜೊತೆಗೂಡಿಸಿದುದು ಕೇವಲ ಕವಿಸಮಯವಲ್ಲವೆಂಬುದು ಇಲ್ಲಿ ಪ್ರತ್ಯಕ್ಷವಾಗುತ್ತದೆ. ಬೆಳ್ಳಕ್ಕಿಗಳೊಡನೆ ನೀರುಕಾಗೆ, ಕೊಳದ ಬಕಗಳೂ ಇರುತ್ತವೆ. ಕಡ್ಡಿಗಳನ್ನು ಅಡ್ಡಾದಿಡ್ಡಿ ಹೆಣೆದ ಗೂಡಿನಲ್ಲಿ ಮೂರರಿಂದ ಐದು ಮೊಟ್ಟೆ, ಮೂರು ವಾರಗಳಿಗೂ ಮೀರಿದ ಕಾವು, ಆ ಮೇಲೆ ಮರಿಗೆ ರೆಕ್ಕೆ ಬಲಿಯುವವರೆಗೆ ಇನ್ನೂ ಆರು ವಾರ. ತಡವಾಗಿ ಗೂಡು ಕಟ್ಟಿದ ಜೋಡಿಗಳ ಮರಿಗಳು ಅಕ್ಟೋಬರದವರೆಗೂ ಪೊದೆಯಲ್ಲಿಯೇ ಉಳಿಯುತ್ತವೆ. ಅನಂತರ ಕೆರೆ ಬರಿದಾಗುತ್ತದೆ.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ವಲಸೆಹಕ್ಕಿಗಳ ಮಾತು ಬಂದಾಗ ಶರತ್ಕಾಲವು ಆಗಮನದ ಕಾಲವೆಂದೇ ಸಾಮಾನ್ಯ ತಿಳಿವಳಿಕೆ. ಘಟ್ಟದ ಕೆಳಗಿನ ಕರಾವಳಿಯ ಮಟ್ಟಿಗೆ ಅದು ನಿಜವೂ ಹೌದು. ಕಾರವಾರದ ಬಳಿಯ ಕಾಳಿ ನದಿಯ ಮುಖದಲ್ಲಿ, ಕುಮಟೆಯ ಬಳಿಯ ಅಘನಾಶಿನಿಯ ಅಳಿವೆಯ ಕೆಸರುಬಯಲಿನಲ್ಲಿ, ಸೆಪ್ಟೆಂಬರದಿಂದ ಮುಂದೆ ಉತ್ತರದ ಶೀತದೇಶಗಳಿಂದ ಬಂದ ಗೊರವ, ಉಲ್ಲಂಕಿಗಳೂ ಕಡಲಹಕ್ಕಿಗಳೂ ಇಳಿಯತೊಡಗುತ್ತವೆ. ಘಟ್ಟದ ಹಳ್ಳಗಳ ಕಲ್ಲುಗಳ ಮೇಲೆ ಅದೇ ಸುಮಾರಿಗೆ ಬೂದು ಸಿಪಿಲೆ ಬಾಲ ಕುಣಿಸುತ್ತದೆ. ಆದರೆ ಸೋಂದೆಯ ಕೆರೆಗೆ ಶರತ್ಕಾಲವು ಬೀಳ್ಕೊಡುಗೆಯ ಕಾಲ. ಒಂದು ಹಿಂಡು ಸಂಸಾರ ಮುಗಿಸಿ ಗದ್ದೆಬಯಲುಗಳಿಗೆ ಚದುರುತ್ತಿರುವಾಗ ಇನ್ನೊಂದು ಹಿಂಡು ಸಾವಿರಾರು ಮೈಲಿ ಹಾರಿ ಬಂದು ಅನ್ನ ಹುಡುಕುತ್ತಿರುತ್ತದೆ. ಘಟ್ಟದ ಮೇಲೂ ಕೆಳಗೂ ಒಂದೇ ಪಕ್ಷದಲ್ಲಿ ನಡೆಯುವ ಈ ಎರಡು ಪ್ರಯಾಣಗಳನ್ನು ಬಲ್ಲವರು ಕಡಿಮೆ.

ಜೈನ ಗೃಹಸ್ಥರಿಗೆ ಈ ಕಾಲಮಾನ ಅಪರಿಚಿತವೇನೂ ಅಲ್ಲ. ಆಷಾಢ ಶುದ್ಧ ಚತುರ್ದಶಿಯಂದು ಮುನಿಸಂಘ ಒಂದೆಡೆ ನೆಲೆನಿಂತು, ಮಹಾವೀರ ನಿರ್ವಾಣದ ದೀಪಾವಳಿ ಅಮಾವಾಸ್ಯೆಯ ಹೊತ್ತಿಗೆ ವರ್ಷಾಯೋಗವನ್ನು ಸಮಾಪ್ತಿಗೊಳಿಸಿ ಮತ್ತೆ ವಿಹಾರಕ್ಕೆ ಹೊರಡುತ್ತದೆ. ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗಿರುವುದರಿಂದ ಕಾಲಿಟ್ಟರೆ ಹಿಂಸೆಯೆಂಬುದೇ ಆ ನಿಲುಗಡೆಗೆ ಕಾರಣ. ಬೆಳ್ಳಕ್ಕಿಯ ಕಾರಣ ಬೇರೆ. ಮಳೆಗಾಲದ ಜೀವಸಮೃದ್ಧಿಯೇ ಅದರ ಮರಿಗಳಿಗೆ ಆಹಾರ. ಆದುದರಿಂದ ಕಾಲಸಾಮ್ಯವನ್ನು ಕಂಡು ಹಕ್ಕಿಗೆ ವ್ರತವನ್ನು ಆರೋಪಿಸುವುದು ತರವಲ್ಲ. ನವಿಲಿನ ವಿಷಯದಲ್ಲಿ ಮಾತ್ರ ಎರಡು ಕಾಲಗಳ ನಡುವೆ ನಿಜವಾದ ಸಂಬಂಧವೇ ಇದೆ. ಮಳೆಗಾಲ ಮುಗಿಯುತ್ತ ಬಂದಂತೆ ನವಿಲು ತನ್ನ ಉದ್ದಗರಿಗಳನ್ನು ತಾನಾಗಿಯೇ ಉದುರಿಸುತ್ತದೆ. ಹಾಗೆ ಉದುರಿದ ಗರಿಗಳಿಂದಲೇ ಪಿಂಛಿ ಸಿದ್ಧವಾಗಬೇಕು. ಚಾತುರ್ಮಾಸದ ಕೊನೆಯ ಪಿಂಛಿ ಪರಿವರ್ತನೆಯ ಸಮಾರಂಭ ಆ ಋತುವಿನಲ್ಲಿಯೇ ನಡೆಯುತ್ತದೆ. ಕಿತ್ತ ಗರಿ ಬೇರೆ, ಉದುರಿದ ಗರಿ ಬೇರೆ. ಬಲಾಕದ ಎರಡನೆಯ ಚರಿತ್ರೆ ಈ ಭೇದವನ್ನು ಕಾಲಕಸವಾಗಿ ಕಂಡವರದು.

ಬೆಳ್ಳಕ್ಕಿಯ ಬೆನ್ನಿನ ಮೇಲೆ ನೂಲಿನಂತಹ ನವಿರಾದ ಗರಿಗಳು ಮೂಡುವುದು ಸಂತಾನಕಾಲದಲ್ಲಿ ಮಾತ್ರ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ಗಳ ಸ್ತ್ರೀಯರ ಟೋಪಿಗಳಿಗೆ ಈ ಗರಿ ಬೇಕಾಯಿತು. ತೂಕಕ್ಕೆ ತೂಕ ಬಂಗಾರವನ್ನು ಮೀರಿಸುವ ಬೆಲೆ ಬಂದಿತು. ಗರಿಯಿರುವುದು ಗೂಡಿನಲ್ಲಿ ಮರಿಯಿರುವಾಗಲೇ ಆದುದರಿಂದ, ಕೊಲ್ಲುವವನಿಗೆ ಗೂಡಿನ ಬಳಿ ಕಾಯ್ದು ಕುಳಿತರಾಯಿತು. ತಾಯಿ ಗುಂಡಿಗೆ ಬಿದ್ದ ಮೇಲೆ ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಅಮೆರಿಕದ ಫ್ಲಾರಿಡಾದಿಂದ ಹಿಡಿದು ಭಾರತದವರೆಗೆ ಗೂಡುತಾಣಗಳು ಈ ವ್ಯಾಪಾರಕ್ಕೆ ಬಲಿಯಾದವು. ಆಕ್ಷೇಪ ಬಂದಾಗ ವ್ಯಾಪಾರಿಗಳು ಕೊಟ್ಟ ಉತ್ತರ ಕುತೂಹಲಕರವಾಗಿದೆ: ಇವು ಕೊಂದು ಕಿತ್ತವಲ್ಲ, ಉದುರಿದವುಗಳನ್ನು ಆಯ್ದು ತಂದವುಗಳೆಂದು! ಉದುರಿದ ಗರಿ ಸವೆದು ಮಾಸಿರುತ್ತದೆ, ಪೇಟೆಯಲ್ಲಿ ಅದಕ್ಕೆ ಬೆಲೆಯಿಲ್ಲ ಎಂಬುದು ಅವರಿಗೇ ಚೆನ್ನಾಗಿ ಗೊತ್ತಿತ್ತು.

ಟೋಪಿ ಧರಿಸಿದ ಮಹಿಳೆ ಹಕ್ಕಿಯನ್ನು ಕೊಂದವಳಲ್ಲ, ಕೊಲ್ಲುವುದನ್ನು ನೋಡಿದವಳೂ ಅಲ್ಲ. ಆದರೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಯಲ್ಲಿ ಹಿಂಸೆಯನ್ನು ತೂಗುವ ಶಾಸ್ತ್ರದ ಎದುರು ಆಕೆಯ ನಿರಪರಾಧಿತ್ವ ನಿಲ್ಲುವುದಿಲ್ಲ. ಇದನ್ನು ಶಾಸ್ತ್ರದ ಸಹಾಯವಿಲ್ಲದೆಯೇ ಕಂಡುಕೊಂಡವರೂ ಅಲ್ಲಿದ್ದರು. 1889ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ ಎಮಿಲಿ ವಿಲಿಯಮ್‌ಸನ್ ಎಂಬಾಕೆ, ಗರಿ ಧರಿಸುವುದಿಲ್ಲವೆಂದು ಮಾತು ಕೊಡುವ ಸ್ತ್ರೀಯರ ಒಂದು ಸಂಘವನ್ನು ಕಟ್ಟಿದಳು. ಆ ದೇಶದ ಅತಿ ದೊಡ್ಡ ಪಕ್ಷಿಸಂರಕ್ಷಣಾ ಸಂಸ್ಥೆ ಬೆಳೆದುದು ಆ ಪ್ರತ್ಯಾಖ್ಯಾನದಿಂದ. ಆದರೂ ಬ್ರಿಟನ್ನಿನ ಸಂಸತ್ತು ಗರಿಯ ಆಮದನ್ನು ನಿಷೇಧಿಸಿದುದು 1921ರಲ್ಲಿ. ಭಾರತ ಸರ್ಕಾರ ಕಾಡುಹಕ್ಕಿಗಳ ಗರಿ ಮತ್ತು ಚರ್ಮಗಳ ರಫ್ತನ್ನು 1902ರಲ್ಲಿಯೇ ಸುಂಕದ ಕಾಯಿದೆಯ ಅಡಿಯಲ್ಲಿ ತಡೆದಿತ್ತೆಂಬುದು ಇಲ್ಲಿ ಉಲ್ಲೇಖನೀಯ. ಕಳ್ಳಸಾಗಣೆ ಮಾತ್ರ ನಿಲ್ಲಲಿಲ್ಲ.

ಸಿಂಧ್ ಪ್ರಾಂತ್ಯದಲ್ಲಿ ಇದಕ್ಕೊಂದು ಉಪಾಯವೂ ಹುಟ್ಟಿತು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಬೆಳ್ಳಕ್ಕಿಗಳನ್ನು ಕೂಡಿಹಾಕಿ ಸಾಕಿ, ಜೀವಂತವಾಗಿಯೇ ಗರಿಗಳನ್ನು ಕಿತ್ತು ಮಾರುತ್ತಿದ್ದರು. ಕೊಲ್ಲುವುದಕ್ಕಿಂತ ಇದು ಲೇಸೆಂದು ವಾದಿಸಿದವರುಂಟು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ವಧೆಯಷ್ಟೇ ಅಲ್ಲದೆ ಬಂಧವೂ ಛೇದವೂ ಸೇರಿರುವುದೇಕೆಂಬುದಕ್ಕೆ ಈ ಸಾಕಣೆಗಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಇದೇ ಕಾಲದಲ್ಲಿ ಉತ್ತರ ಕನ್ನಡದ ಹಕ್ಕಿಗಳ ಮೊದಲ ವ್ಯವಸ್ಥಿತ ಪಟ್ಟಿ ಸಿದ್ಧವಾಯಿತು. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಈ ಜಿಲ್ಲೆಯ ಕಲೆಕ್ಟರನಾಗಿದ್ದ ಜೇಮ್ಸ್ ಡೇವಿಡ್‌ಸನ್ ಕಾರವಾರದಲ್ಲಿದ್ದು ಹಕ್ಕಿಗಳನ್ನೂ ಮೊಟ್ಟೆಗಳನ್ನೂ ಅಭ್ಯಸಿಸಿದನು. ಸುಂಕದ ಇಲಾಖೆಯ ಎಡ್ವರ್ಡ್ ಏಟ್ಕಿನ್, ಅರಣ್ಯ ಇಲಾಖೆಯ ಥಾಮಸ್ ಬೆಲ್ ಅವನ ಸಂಗಡಿಗರು. ಮೂವರೂ ಕೂಡಿ ಜಿಲ್ಲೆಯ ಚಿಟ್ಟೆಗಳ ಬಗ್ಗೆ 1896ರಲ್ಲಿ ಬರೆದ ಲೇಖನ ಇಂದಿಗೂ ಆಧಾರಗ್ರಂಥದಂತಿದೆ. ಡೇವಿಡ್‌ಸನ್ನನ ಪಕ್ಷಿವರ್ಣನೆ 1898ರಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂದಿನ ಪಕ್ಷಿಶಾಸ್ತ್ರಜ್ಞನ ಉಪಕರಣಗಳು ಬಂದೂಕು ಮತ್ತು ಮೊಟ್ಟೆಯ ಪೆಟ್ಟಿಗೆ. ಹಕ್ಕಿಯನ್ನು ಗುರುತಿಸುವುದೆಂದರೆ ಹೊಡೆದು ಕೈಯಲ್ಲಿ ಹಿಡಿಯುವುದು. ಆ ಜ್ಞಾನ ಬೇಡವೆನ್ನುವುದು ಸುಲಭವಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಈ ಜಿಲ್ಲೆಯಲ್ಲಿ ಏನಿತ್ತೆಂಬುದನ್ನು ತಿಳಿಯಲು ಇಂದಿನ ಅಹಿಂಸಾವಾದಿಯೂ ಅದೇ ಪುಟಗಳನ್ನು ತೆರೆಯಬೇಕು. ದುರ್ಬೀನು ಅಗ್ಗವಾಗಿ ಕೈಗೆ ಬಂದ ಮೇಲೆ ಮುಟ್ಟದೆ ನೋಡುವುದೇ ಪಕ್ಷಿವೀಕ್ಷಣೆಯ ರೀತಿಯಾಯಿತು. ಜ್ಞಾನಕ್ಕೂ ಹಿಂಸೆಗೂ ಇದ್ದ ಗಂಟು ಹಾಗೆ ಬಹುಮಟ್ಟಿಗೆ ಸಡಿಲಿತು.

ಮುಂಡಿಗೆಕೆರೆಯ ಹಕ್ಕಿಗಳು ಪಕ್ಷಿವೀಕ್ಷಕರ ದಾಖಲೆಗೆ ಬಂದುದು ಈ ಎರಡನೆಯ ರೀತಿಯಿಂದ, 1980ರ ದಶಕದಲ್ಲಿ. 1990ರ ದಶಕದಿಂದ ಸೋಂದಾ ಜಾಗೃತ ವೇದಿಕೆಯವರು ಕೆರೆಯ ಕಾವಲನ್ನು ತಮ್ಮದೆಂದುಕೊಂಡರು. ಸಮೀಪದಲ್ಲಿಯೇ, ಸೊರಬ ತಾಲ್ಲೂಕಿನ ಗುಡವಿ ಮತ್ತು ಮುಂಡಗೋಡಿನ ಅತ್ತಿವೇರಿ ಸರ್ಕಾರದ ಪಕ್ಷಿಧಾಮಗಳಾಗಿವೆ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು. ಅವುಗಳ ಮುಂದೆ ಮುಂಡಿಗೆಕೆರೆ ಬಹು ಚಿಕ್ಕದು. ಅದರ ರಕ್ಷಣೆ ನಿಂತಿರುವುದು ನೆರೆಹೊರೆಯವರ ಸಹನೆಯ ಮೇಲೆ.

ಇಲ್ಲೊಂದು ಶಂಕೆ ಏಳುವುದು ಸಹಜ. ಬೆಳ್ಳಕ್ಕಿ ಮೀನು, ಕಪ್ಪೆ, ಹುಳುಗಳನ್ನು ತಿಂದು ಬದುಕುವ ಹಕ್ಕಿ. ಬಕಧ್ಯಾನವೆಂಬ ನಿಂದೆಯ ಮಾತೇ ಅದರ ಕುಲದಿಂದ ಬಂದುದು. ಅದನ್ನು ಕಾಯುವುದರಿಂದ ಆ ಹಿಂಸೆಗೆ ಅನುಮೋದನೆ ಕೊಟ್ಟಂತಾಗದೇ? ದಿಲ್ಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆ ಇದೇ ಪ್ರಶ್ನೆಯನ್ನು ಎದುರಿಸಿದೆ. ಬೆಳಗಾವಿ ಜಿಲ್ಲೆಯ ಕೋಥಳಿಯವರಾದ ಆಚಾರ್ಯ ದೇಶಭೂಷಣರ ಪ್ರೇರಣೆಯಿಂದ 1957ರಲ್ಲಿ ಕಟ್ಟಡ ಪಡೆದ ಆ ಆಸ್ಪತ್ರೆ, ಮಾಂಸಾಹಾರಿ ಹಕ್ಕಿಗಳನ್ನು ಒಳಗೆ ಇರಿಸಿಕೊಳ್ಳುವುದಿಲ್ಲ. ಆದರೆ ಗಾಯಗೊಂಡ ಗಿಡುಗ ಬಂದರೆ ಹೊರರೋಗಿಯಾಗಿ ಉಪಚರಿಸಿ ಕಳಿಸುತ್ತದೆ. ಹೀಗೆ ಮಾಡಿರುವ ಗೆರೆ ಪರಿಪೂರ್ಣವೆನ್ನಲಾಗದು, ಆದರೆ ಪ್ರಾಮಾಣಿಕವಾದುದು. ಮುಂಡಿಗೆಕೆರೆಯ ಮಟ್ಟಿಗೆ ಪ್ರಶ್ನೆ ಇನ್ನೂ ಸರಳ. ಅಲ್ಲಿ ಹಕ್ಕಿಗೆ ಯಾರೂ ಆಹಾರ ಹಾಕಬೇಕಾಗಿಲ್ಲ. ಬೇಕಾದುದು ಅಭಯ ಮಾತ್ರ, ಮತ್ತು ತಿರ್ಯಂಚ ಜೀವಿಯ ಆಹಾರ ಯಾವುದೆಂದು ಕೇಳಿ ಅಭಯ ಕೊಡುವ ಪದ್ಧತಿ ಎಲ್ಲಿಯೂ ಇಲ್ಲ. ಐದನೆಯ ತೀರ್ಥಂಕರ ಸುಮತಿನಾಥರ ಲಾಂಛನವೆಂದು ದಿಗಂಬರ ಪರಂಪರೆ ಹೇಳುವ ಚಕ್ರವಾಕವೂ ಚಳಿಗಾಲದಲ್ಲಿ ಬಯಲುಸೀಮೆಯ ದೊಡ್ಡ ಕೆರೆಗಳಿಗೆ ಉತ್ತರದಿಂದ ಬರುವ ಅತಿಥಿಯೇ. ಅದೂ ಕೇವಲ ಹುಲ್ಲು ಕಾಳು ತಿನ್ನುವುದಿಲ್ಲ.

ಬಸದಿಗಳ ಆಡಳಿತ ನೋಡುವವರಿಗೆ ಈ ವಿಷಯ ದೂರದ್ದೆನಿಸಬಹುದು. ಆದರೆ ವರಂಗದ ಕೆರೆಬಸದಿ, ಕಾರ್ಕಳದ ಆನೆಕೆರೆ ಬಸದಿಗಳಂತೆ ನೀರಿನೊಡನೆ ಬೆಸೆದ ಜಿನಾಲಯಗಳು ಈ ನಾಡಿನಲ್ಲಿವೆ. ಕೆರೆಯೋ ಪುಷ್ಕರಣಿಯೋ ಇಲ್ಲದ ಕ್ಷೇತ್ರವೇ ವಿರಳ. ಕೆರೆಯ ಜೀರ್ಣೋದ್ಧಾರವೆಂದರೆ ಪೊದೆ ಸವರಿ, ಅಂಚಿಗೆ ಕಲ್ಲು ಕಟ್ಟಿ, ನೀರನ್ನು ಕನ್ನಡಿಯಂತೆ ಮಾಡುವುದೆಂಬ ಭಾವನೆ ಬೇರೂರಿದೆ. ಪುಣ್ಯಕಾರ್ಯವೆಂದು ತೊಡಗಿದುದು ಗೂಡುಗಳಿರುವ ತಿಂಗಳಲ್ಲಿ ನಡೆದರೆ, ಗೃಹಸ್ಥನಿಗೆ ಅನಿವಾರ್ಯವೆನ್ನುವ ಆರಂಭೀ ಹಿಂಸೆಯ ಹೆಸರಿನಲ್ಲಿ ತಪ್ಪಿಸಬಹುದಾಗಿದ್ದ ಹಿಂಸೆ ನಡೆದಂತೆ. ಹೂಳೆತ್ತುವುದು ಬೇಡವೆಂದಲ್ಲ, ಹೂಳು ತುಂಬಿ ನೀರು ಬತ್ತಿದರೆ ಮುಂಡಿಗೆಯ ದ್ವೀಪಕ್ಕೆ ನಡೆದೇ ಹೋಗಬಹುದು, ಆಗ ಗೂಡಿಗೆ ಕಾವಲಿಲ್ಲ. ಪ್ರಶ್ನೆ ಕಾಲದ್ದು. ಹಕ್ಕಿಗಳು ಹೊರಟ ಮೇಲೆ ಬೇಸಿಗೆಯಲ್ಲಿ ಆರು ತಿಂಗಳ ಅವಧಿ ಕೆಲಸಕ್ಕೆ ದೊರೆಯುತ್ತದೆ.

ದೀಪಾವಳಿಯ ಪಟಾಕಿ ಇನ್ನೊಂದು. ಹಬ್ಬ ಅಕ್ಟೋಬರದಲ್ಲಿ ಬಿದ್ದ ವರ್ಷ ತಡವಾದ ಮರಿಗಳು ಇನ್ನೂ ಗೂಡಿನಂಚಿನಲ್ಲಿರುತ್ತವೆ. ಸದ್ದಿಗೆ ಬೆದರಿ ನೀರಿಗೆ ಬಿದ್ದ ಮರಿ ಮತ್ತೆ ಮೇಲೇಳುವುದು ಕಷ್ಟ. ತಮಿಳುನಾಡಿನ ಶಿವಗಂಗೆ ಜಿಲ್ಲೆಯ ಕೊಳ್ಳುಕುಡಿಪಟ್ಟಿಯವರು ವೇಟ್ಟಂಗುಡಿಯ ಹಕ್ಕಿಗಳಿಗಾಗಿ ದಶಕಗಳಿಂದ ದೀಪಾವಳಿಯಲ್ಲಿ ಪಟಾಕಿ ಸುಡುತ್ತಿಲ್ಲ. ಅವರು ಜೈನರೇನಲ್ಲ. ಮಹಾವೀರರ ನಿರ್ವಾಣದ ರಾತ್ರಿಯನ್ನು ದೀಪದಿಂದ ಆಚರಿಸುವವರ ಓಣಿಗಳಲ್ಲಿ ಅದೇ ರಾತ್ರಿ ಎಷ್ಟು ಮೌನವಿರುತ್ತದೆಂಬುದನ್ನು ಆಯಾ ಊರಿನವರೇ ಬಲ್ಲರು.

ಕಾರ್ತಿಕ ಕಾಲಿಟ್ಟ ಮೇಲೆ ಮುಂಡಿಗೆಯ ಪೊದೆಗಳಲ್ಲಿ ಕಡ್ಡಿಗಳ ಬರಿಯ ಗೂಡುಗಳು ಉಳಿದಿರುತ್ತವೆ. ಬೆಳ್ಳಕ್ಕಿಗಳು ಹೊರಡುವ ಹೊತ್ತಿಗೆ ಅವುಗಳ ಬೆನ್ನಿನ ನೂಲುಗರಿಗಳು, ಯಾವುದಕ್ಕಾಗಿ ಒಂದು ಕಾಲದಲ್ಲಿ ಲಕ್ಷಾಂತರ ಹಕ್ಕಿಗಳು ಸತ್ತವೋ ಆ ಗರಿಗಳು, ಸವೆದು ತಾವಾಗಿಯೇ ಉದುರಿಬಿಡುತ್ತವೆ. ಕೆಲವು ಮುಳ್ಳಿಗೆ ಸಿಕ್ಕಿಕೊಂಡಿರುತ್ತವೆ, ಕೆಲವು ನೀರಿನ ಮೇಲೆ ತೇಲುತ್ತ ದಡಕ್ಕೆ ಬರುತ್ತವೆ.