ಗಾಂಜಾ ಮಿಶ್ರತಳಿ

ಗಾಂಜಾ ಮಿಶ್ರತಳಿ ಎಂದರೆ ಬೇರೆ ಬೇರೆ ಸೀಮೆಗಳ ಎರಡು ಅಥವಾ ಹೆಚ್ಚಿನ ಗಾಂಜಾ ತಳಿಗಳನ್ನು ಸಂಕರಗೊಳಿಸಿ ಪಡೆದ ಸಸ್ಯ. 2018ರ ಅಕ್ಟೋಬರಿನಿಂದ ಗಾಂಜಾ ಮಾರಾಟ ಕಾನೂನುಬದ್ಧವಾಗಿರುವ ಕೆನಡಾದಂತಹ ದೇಶಗಳಲ್ಲಿ ಇವು ಮಾವು, ಬ್ಲೂಬೆರಿ, ಸ್ಟ್ರಾಬೆರಿ, ಅನಾನಸು ಮೊದಲಾದ ಹಣ್ಣುಗಳ ಹೆಸರು ಹೊತ್ತು ಅಂಗಡಿಗೆ ಬರುತ್ತವೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಜನ ಬಲ್ಲುದು ಗಾಂಜಾ, ಭಂಗಿ ಎಂಬ ಹಳೆಯ ಹೆಸರುಗಳನ್ನು ಮಾತ್ರ. ಭಾರತದ ಕಾನೂನಿನಲ್ಲಿ ತಳಿಯ ಹೆಸರಿಗೆ ಯಾವ ಬೆಲೆಯೂ ಇಲ್ಲ. ಅದು ನೋಡುವುದು ಗಿಡದ ಯಾವ ಭಾಗ, ಎಷ್ಟು ತೂಕ ಎಂಬುದನ್ನು.

ಸಸ್ಯ ಮತ್ತು ವರ್ಗೀಕರಣ

ಗಾಂಜಾ ಗಿಡದಲ್ಲಿ ಸಾಮಾನ್ಯವಾಗಿ ಗಂಡು ಮತ್ತು ಹೆಣ್ಣು ಸಸ್ಯಗಳು ಪ್ರತ್ಯೇಕ. ಪರಾಗಸ್ಪರ್ಶವು ಗಾಳಿಯಿಂದ ನಡೆಯುತ್ತದೆ. ಹೆಣ್ಣು ಹೂಗೊಂಚಲಿನ ಮೇಲಿನ ಅಂಟುರಾಳದಲ್ಲಿ ಅಮಲಿನ ಅಂಶ ಹೆಚ್ಚು. ಲಿನೇಯಸ್ 1753ರಲ್ಲಿ ಈ ಸಸ್ಯಕ್ಕೆ ಕ್ಯಾನಬಿಸ್ ಸಟೈವಾ ಎಂದು ಹೆಸರಿಟ್ಟನು. ಭಾರತದಿಂದ ಬಂದ ಗಿಡಗಳನ್ನು ಕಂಡ ಲಮಾರ್ಕ್ 1785ರಲ್ಲಿ ಅವನ್ನು ಇಂಡಿಕಾ ಎಂಬ ಬೇರೆ ಪ್ರಭೇದವೆಂದು ಕರೆದನು. ಸಟೈವಾ ಉಲ್ಲಾಸ ತರುತ್ತದೆ, ಇಂಡಿಕಾ ಮಂಪರು ತರುತ್ತದೆ, ಮಿಶ್ರತಳಿ ಇವೆರಡರ ನಡುವಿನದು ಎಂಬ ಮಾತನ್ನು ಇಂದಿನ ವ್ಯಾಪಾರಿಗಳು ಪ್ರಚಾರ ಮಾಡಿದ್ದಾರೆ. 2021ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು ಈ ಹಣೆಪಟ್ಟಿಗಳು ಸಸ್ಯದ ನಿಜವಾದ ವಂಶಸಂಬಂಧವನ್ನು ಅಷ್ಟಾಗಿ ತೋರಿಸುವುದಿಲ್ಲವೆಂದೂ ಅವು ಕೆಲವು ಪರಿಮಳದ್ರವ್ಯಗಳಿಗೆ ಮಾತ್ರ ಹೊಂದಿಕೊಳ್ಳುತ್ತವೆಂದೂ ತೋರಿಸಿತು. ಹಾಗಾಗಿ ಪೊಟ್ಟಣದ ಮೇಲಿನ ಹೆಸರಿನಿಂದ ಪರಿಣಾಮವನ್ನು ಊಹಿಸಲಾಗದು.

ಮಿಶ್ರತಳಿಗಳಲ್ಲಿ ದಕ್ಷಿಣ ಭಾರತದ ಪಾಲೂ ಇದೆ ಎನ್ನಲಾಗುತ್ತದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಹೇಜ್ ಎಂಬ ತಳಿಯು ಕೊಲಂಬಿಯಾ, ಮೆಕ್ಸಿಕೊ, ಥಾಯ್ಲೆಂಡ್ ಮತ್ತು ದಕ್ಷಿಣ ಭಾರತದ ಬೀಜಗಳಿಂದ ಬಂದದ್ದೆಂದು ಬೆಳೆಗಾರರು ಹೇಳುತ್ತಾರೆ. ಮಾವಿನ ಹೆಸರಿನ ಮ್ಯಾಂಗೊ ಹೇಜ್ ಇದೇ ವಂಶದ್ದು.

ಹಣ್ಣಿನ ಕಂಪು

'ಸಿಹಿ' ಎಂಬುದು ಇಲ್ಲಿ ನಾಲಗೆಯ ರುಚಿಯಲ್ಲ, ಮೂಗಿನ ಅನುಭವ. ಟರ್ಪೀನ್ ಎಂಬ ಆವಿಶೀಲ ದ್ರವ್ಯಗಳು ಅದಕ್ಕೆ ಮುಖ್ಯ ಕಾರಣ. ಇವು ನಮ್ಮ ಅಡುಗೆಮನೆಗೆ ಅಪರಿಚಿತವಲ್ಲ. ಮಿರ್ಸೀನ್ ಮಾವಿನಲ್ಲಿಯೂ ಮಜ್ಜಿಗೆ ಹುಲ್ಲಿನಲ್ಲಿಯೂ, ಲಿಮೊನೀನ್ ನಿಂಬೆಯ ಸಿಪ್ಪೆಯಲ್ಲಿಯೂ, ಲಿನಲೂಲ್ ಕೊತ್ತಂಬರಿ ಬೀಜದಲ್ಲಿಯೂ ಇವೆ. ಓಸಿಮೀನ್ ಎಂಬುದರ ಹೆಸರು ಬಂದದ್ದೇ ತುಳಸಿಯ ಕುಲದಿಂದ. ಹಣ್ಣಿನ ವಿಶಿಷ್ಟ ಕಂಪಿನಲ್ಲಿ ಟರ್ಪೀನ್‌ಗಳಲ್ಲದೆ, ಅತ್ಯಲ್ಪ ಪ್ರಮಾಣದ ಎಸ್ಟರುಗಳಿಗೂ ಗಂಧಕಯುಕ್ತ ಸಂಯುಕ್ತಗಳಿಗೂ ಪಾತ್ರವಿದೆಯೆಂದು ಇತ್ತೀಚಿನ ಸಂಶೋಧನೆಗಳು ತಿಳಿಸಿವೆ.

ಅಮಲಿಗೆ ಕಾರಣವಾದದ್ದು ಬೇರೆಯೇ ವಸ್ತು. ಅದು ಟೆಟ್ರಾಹೈಡ್ರೋಕ್ಯಾನಬಿನಾಲ್, ಸಂಕ್ಷಿಪ್ತವಾಗಿ ಟಿಎಚ್‌ಸಿ. ಇಸ್ರೇಲಿನ ರಫೇಲ್ ಮೆಕೂಲಮ್ ಮತ್ತು ಸಂಗಡಿಗರು 1964ರಲ್ಲಿ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಇದರ ಸರಾಸರಿ ಪ್ರಮಾಣ 1995ರಲ್ಲಿ ಸುಮಾರು ಶೇ. 4ರಷ್ಟಿತ್ತು, 2014ರ ವೇಳೆಗೆ ಸುಮಾರು ಶೇ. 12ಕ್ಕೆ ಏರಿತು. ಹಣ್ಣಿನ ಹೆಸರು ಕೇಳಿ ಇದು ಸೌಮ್ಯವಾದದ್ದೆಂದು ತಿಳಿಯುವ ಹದಿಹರೆಯದವರು ಈ ಅಂಕಿಗಳನ್ನು ಗಮನಿಸಬೇಕು. ಎಳೆಯ ವಯಸ್ಸಿನಲ್ಲಿ ಆರಂಭವಾದ, ಅಡಿಗಡಿಗೆ ನಡೆಯುವ, ಹೆಚ್ಚು ಟಿಎಚ್‌ಸಿ ಇರುವ ಗಾಂಜಾದ ಸೇವನೆಗೂ ಚಿತ್ತವಿಕಲತೆಗೂ ಸಂಬಂಧವಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ.

ರಾಯಚೂರು ಸೀಮೆಯಲ್ಲಿ

ಲಿಂಗಸುಗೂರಿನಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಕೃಷ್ಣಾನದಿಯ ದಂಡೆಯ ಮೇಲೆ ತಿಂಥಣಿ ಇದೆ. ಈಗ ಯಾದಗಿರಿ ಜಿಲ್ಲೆಗೆ ಸೇರಿದ ಈ ಕ್ಷೇತ್ರದ ಮೌನೇಶ್ವರರಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಇಲ್ಲಿನ ಜಾತ್ರೆಯಲ್ಲಿ ಭಕ್ತರಿಗೆ ಗಾಂಜಾದ ಸಣ್ಣ ಪೊಟ್ಟಣ ಪ್ರಸಾದವಾಗಿ ದೊರೆಯುವುದನ್ನು 2020ರಲ್ಲಿ ಪತ್ರಿಕೆಗಳು ವಿಸ್ತಾರವಾಗಿ ವರದಿ ಮಾಡಿದವು. ಕನ್ನಡ ಚಿತ್ರರಂಗದ ಮಾದಕವಸ್ತು ಪ್ರಕರಣ ರಾಜ್ಯದಲ್ಲಿ ಸದ್ದು ಮಾಡುತ್ತಿದ್ದ ಕಾಲವದು. ಶರಣ, ಅವಧೂತ, ಆರೂಢ ಪರಂಪರೆಗಳ ಕೆಲವರು ಇದನ್ನು ಧ್ಯಾನಕ್ಕೆ ನೆರವೆಂದು ಭಾವಿಸುತ್ತಾರೆಂದು ಆ ವರದಿಗಳು ವಿವರಿಸಿದ್ದವು. ಸಿಂಧನೂರು ತಾಲ್ಲೂಕಿನ ಅಂಬಾಮಠದ ಹೆಸರೂ ಅಲ್ಲಿ ಬಂದಿತ್ತು. ಆದರೆ ನಾಡು ಆ ಮಠವನ್ನು ಬಲ್ಲುದು 'ಜ್ಞಾನಸಿಂಧು' ಬರೆದ ಚಿದಾನಂದ ಅವಧೂತರ ಕ್ಷೇತ್ರವೆಂದು.

ಜಾತ್ರೆಯ ಚಿಲುಮೆಗೂ ನಗರದ ಹಣ್ಣಿನ ಹೆಸರಿನ ಪೊಟ್ಟಣಕ್ಕೂ ನಡುವೆ ಹೊಲವೊಂದಿದೆ. ಹತ್ತಿ, ತೊಗರಿ, ಮೆಣಸಿನಗಿಡಗಳ ಮರೆಯಲ್ಲಿ ಗಾಂಜಾ ಬೆಳೆದು ಸಿಕ್ಕಿಬಿದ್ದ ರೈತರ ಸುದ್ದಿ ಈ ಭಾಗದ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ಹಣ ಮಾಡಿಕೊಳ್ಳುವವನು ಬಹುಮಟ್ಟಿಗೆ ದಲ್ಲಾಳಿ, ಜೈಲಿಗೆ ಹೋಗುವವನು ಹೊಲದ ಒಡೆಯ.

ಕಾನೂನು

ಬ್ರಿಟಿಷ್ ಸರ್ಕಾರ ನೇಮಿಸಿದ 1893–94ರ ಭಾರತೀಯ ಭಂಗಿ ಆಯೋಗವು ಪೂರ್ಣ ನಿಷೇಧ ಬೇಡವೆಂದು ಹೇಳಿ, ತೆರಿಗೆ ಹಾಗೂ ಪರವಾನಗಿಯ ನಿಯಂತ್ರಣವನ್ನು ಸೂಚಿಸಿತ್ತು. ಈಗ ಜಾರಿಯಲ್ಲಿರುವುದು 1985ರ ಮಾದಕದ್ರವ್ಯ ಮತ್ತು ಮನೋಪರಿಣಾಮಕಾರಿ ವಸ್ತುಗಳ ಅಧಿನಿಯಮ. ಅದರ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ; ತುದಿಯಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಈ ವ್ಯಾಖ್ಯೆಗೆ ಸೇರವು. ಎಲೆಯಿಂದ ಮಾಡುವ ಭಂಗಿಯ ಬಗ್ಗೆ ಗೊಂದಲವಿರುವುದು ಇದರಿಂದಲೇ. ಇಡೀ ಗಿಡವನ್ನು ಕಿತ್ತು ತೂಗಿದ ಪ್ರಕರಣಗಳಲ್ಲಿ ಹೂವಿನ ತೂಕವೆಷ್ಟು ಎಂಬ ವಾದ ನ್ಯಾಯಾಲಯದಲ್ಲಿ ಏಳುವುದೂ ಇದರಿಂದಲೇ.

ಗಾಂಜಾದ ಮಟ್ಟಿಗೆ 1 ಕಿಲೋಗ್ರಾಂವರೆಗೆ ಅಲ್ಪ ಪ್ರಮಾಣ, 20 ಕಿಲೋಗ್ರಾಂಗಿಂತ ಹೆಚ್ಚಾದರೆ ವಾಣಿಜ್ಯ ಪ್ರಮಾಣ. ಅಲ್ಪ ಪ್ರಮಾಣಕ್ಕೆ 1 ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ; ವಾಣಿಜ್ಯ ಪ್ರಮಾಣಕ್ಕೆ 10ರಿಂದ 20 ವರ್ಷ ಕಠಿಣ ಸೆರೆ ಮತ್ತು 1ರಿಂದ 2 ಲಕ್ಷ ರೂಪಾಯಿ ದಂಡ. ಪರವಾನಗಿಯಿಲ್ಲದೆ ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಸೆರೆಯೂ 1 ಲಕ್ಷ ರೂಪಾಯಿವರೆಗೆ ದಂಡವೂ ಇವೆ. ತನ್ನ ಜಮೀನಿನಲ್ಲಿ ಅಕ್ರಮ ಬೆಳೆ ಇರುವುದನ್ನು ತಿಳಿದೂ ಅಧಿಕಾರಿಗಳಿಗೆ ತಿಳಿಸದ ಭೂಮಾಲೀಕನೂ ಶಿಕ್ಷಾರ್ಹ. ಇದನ್ನು ತಿಳಿದವರು ಹಳ್ಳಿಗಳಲ್ಲಿ ಕಡಿಮೆ.

ಇದೇ ಅಧಿನಿಯಮದ 64ಎ ಕಲಮು ವ್ಯಸನಿಗಳಿಗೆ ಒಂದು ದಾರಿ ತೆರೆದಿಟ್ಟಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿ ಬಂದು, ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆ ಅಪರಾಧಕ್ಕೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಪೂರ್ತಿಗೊಳಿಸದಿದ್ದರೆ ಈ ವಿನಾಯಿತಿಯನ್ನು ಹಿಂಪಡೆಯಬಹುದು. ಮಾದಕ ವ್ಯಸನ ಬಿಡಿಸುವ ರಾಷ್ಟ್ರೀಯ ಉಚಿತ ಸಹಾಯವಾಣಿಯ ಸಂಖ್ಯೆ 14446.