ಹೂಜಿಯ ಕೊರಳಿನ ಶಾಸನ

ಬೆಂಗಳೂರಿನ ಹಳೆಯ ಮನೆಗಳಲ್ಲಿಯೂ ಹರಾಜಿನ ಅಂಗಡಿಗಳಲ್ಲಿಯೂ ಒಂದು ಬಗೆಯ ಹೂಜಿಯನ್ನು ನಾವು ಒಮ್ಮೊಮ್ಮೆ ಕಾಣುವುದುಂಟು. ಅದರ ಒಡಲು ಗಾಜಿನದು. ಮೈತುಂಬ ವಜ್ರದ ಮುಖಗಳಂತೆ ಕೊರೆದ ಕೆಲಸ. ಕೊರಳು, ಬಾಯಿ, ಮುಚ್ಚಳ, ಹಿಡಿ ಇವು ಬೆಳ್ಳಿಯವು. ಆಂಗ್ಲರ ಊಟದ ಮೇಜಿನ ಮೇಲೆ ದ್ರಾಕ್ಷಾರಸವನ್ನು ಬಡಿಸುವುದಕ್ಕಾಗಿ ಹುಟ್ಟಿದ ಪಾತ್ರೆಯಿದು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಗೊಂಡ ಮೇಲೆ ಇಂಥ ಸಾಮಾನುಗಳಿಗೆ ನಮ್ಮ ನಾಡಿನಲ್ಲಿಯೂ ಎಡೆ ದೊರೆಯಿತು. ಇಂದು ಅದನ್ನು ಮಾರಲು ಹೊರಟವರನ್ನು ಅಂಗಡಿಯವನು ಕೇಳುವ ಮೊದಲನೆಯ ಪ್ರಶ್ನೆ ಒಂದೇ: ಬೆಳ್ಳಿ ಎಷ್ಟು ತೂಗೀತು?

ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ನಮಗೆ ನೆಲಮಂಗಲದ ಸೀಮೆಯ ಮಣ್ಣೆಯೆಂಬ ಊರು ನೆನಪಾಗುತ್ತದೆ. ಏಕೆಂಬುದನ್ನು ಮುಂದೆ ಅರಿಕೆ ಮಾಡುತ್ತೇವೆ. ಮೊದಲು ಹೂಜಿಯ ವೃತ್ತಾಂತವನ್ನು ನೋಡೋಣ.

ಗಾಜು ನಮಗೆ ಹೊಸದಲ್ಲ. 1800–01ರಲ್ಲಿ ಈ ನಾಡನ್ನು ಸುತ್ತಿದ ಬುಕಾನನ್ನನು ಚಿತ್ರದುರ್ಗದ ಸೀಮೆಯ ಮತ್ತೋಡಿನ ಗಾಜಿನ ಕೆಲಸವನ್ನು ವರ್ಣಿಸಿದ್ದಾನೆ. ಆದರೆ ಅಲ್ಲಿನ ಕುಲುಮೆಗಳಿಂದ ಹೊರಟದ್ದು ಬಳೆ. ಕೊರೆದ ಗಾಜಿನ ಕಥೆ ಬೇರೆ. 1674ರಲ್ಲಿ ಜಾರ್ಜ್ ರಾವೆನ್ಸ್‌ಕ್ರಾಫ್ಟನೆಂಬಾತನು ಲಂಡನ್ನಿನಲ್ಲಿ ತನ್ನ ಹೊಸ ಬಗೆಯ ಗಾಜಿಗೆ ಸನ್ನದನ್ನು ಪಡೆದನು. ಸೀಸ ಬೆರೆತ ಆ ಗಾಜು ಹೆಚ್ಚು ಹೊಳೆಯುವುದು, ಕೊರೆಯಲು ಮೆದುವಾಗಿರುವುದು. ತಿರುಗುವ ಕಬ್ಬಿಣದ ಚಕ್ರಕ್ಕೆ ಮರಳುನೀರನ್ನು ಹನಿಸುತ್ತ ಅದಕ್ಕೆ ಗಾಜನ್ನು ಒತ್ತುವರು. ಬಳಿಕ ಕಲ್ಲಿನ ಚಕ್ರದಿಂದ ನಯಗೊಳಿಸಿ, ಕಡೆಗೆ ಮರದ ಚಕ್ರದಿಂದ ಹೊಳಪು ಕೊಡುವರು. ಆಳವಾಗಿ ಕೊರೆಯಬೇಕಾದರೆ ಗಾಜು ದಪ್ಪವಾಗಿರಬೇಕು. ಇಂಗ್ಲೆಂಡಿನಲ್ಲಿಯಾದರೋ 1745ರ ಶಾಸನದಿಂದ ಗಾಜಿನ ಮೇಲೆ ತೂಕಕ್ಕೆ ತಕ್ಕ ಸುಂಕ ಬಿತ್ತು. ಅದು ರದ್ದಾದದ್ದು 1845ರಲ್ಲಿ. ಬೆಳ್ಳಿಯ ಕೊರಳಿನ ದಪ್ಪಗಾಜಿನ ಹೂಜಿಗಳು ಆ ಬಳಿಕ ಬಹಳವಾಗಿ ಬಳಕೆಗೆ ಬಂದವು.

ಇನ್ನು ಬೆಳ್ಳಿಯ ಭಾಗ. ಇಂಗ್ಲೆಂಡಿನಲ್ಲಿ ಪರೀಕ್ಷೆಗೊಂಡ ಬೆಳ್ಳಿಯ ಮೇಲೆ, ಹೂಜಿಯ ಕೊರಳಿನಲ್ಲಿಯೋ ಮುಚ್ಚಳದಲ್ಲಿಯೋ, ಎಳ್ಳುಕಾಳಿನಷ್ಟು ಚಿಕ್ಕ ಮುದ್ರೆಗಳು ಸಾಲಾಗಿರುತ್ತವೆ. ನಡೆಯುವ ಸಿಂಹವಿದ್ದರೆ 1000 ಭಾಗದಲ್ಲಿ 925 ಭಾಗ ಶುದ್ಧ ಬೆಳ್ಳಿಯೆಂದು ಅರ್ಥ. ಚಿರತೆಯ ತಲೆಯಿದ್ದರೆ ಲಂಡನ್ನು, ಲಂಗರವಿದ್ದರೆ ಬರ್ಮಿಂಗ್‌ಹ್ಯಾಮು. ದೊರೆಯ ತಲೆಯ ಮುದ್ರೆ ಸುಂಕ ಸಂದುದರ ಗುರುತು. ಅದು 1784ರಲ್ಲಿ ಆರಂಭವಾಗಿ 1890ರಲ್ಲಿ ನಿಂತಿತು. ಇವುಗಳ ಜೊತೆಗೆ ವರ್ಷವನ್ನು ತಿಳಿಸುವ ಒಂದಕ್ಷರ, ಮಾಡಿದವನ ಹೆಸರಿನ ಮೊದಲಕ್ಷರಗಳು. ಓದಬಲ್ಲವನಿಗೆ ಇದು ಒಂದು ಶಾಸನವೇ ಸರಿ: ಊರು, ಕಾಲ, ಕರ್ತೃ ಎಲ್ಲವೂ ಅಲ್ಲಿವೆ.

ಈಗ ಮಣ್ಣೆಗೆ ಬರೋಣ. ಇಂದು ಸಣ್ಣ ಹಳ್ಳಿಯಾದ ಇದು ಗಂಗರ ಕಾಲದಲ್ಲಿ ಮಾನ್ಯಪುರವೆಂಬ ರಾಜನಿವಾಸವಾಗಿತ್ತು. ಇಲ್ಲಿ ದೊರೆತ ತಾಮ್ರಪಟಗಳನ್ನು ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ, 1905ರಲ್ಲಿ, ಪ್ರಕಟಿಸಿದರು. ಒಂದು 797ನೆಯ ವರ್ಷದ್ದು. ಗಂಗ ಮಾರಸಿಂಹನ ಸೇನಾಪತಿ ಶ್ರೀವಿಜಯನು ಮಾನ್ಯಪುರದಲ್ಲಿ ಜಿನಾಲಯವನ್ನು ಕಟ್ಟಿಸಿದ ಸಂಗತಿ ಅದರಿಂದ ತಿಳಿಯುತ್ತದೆ. ಇನ್ನೊಂದು 802ರದು, ಅಷ್ಟರಲ್ಲಿ ರಾಷ್ಟ್ರಕೂಟ ಮೂರನೆಯ ಗೋವಿಂದನ ಅಣ್ಣ ಸ್ತಂಭನ ಅಧಿಕಾರ ಈ ನಾಡಿನಲ್ಲಿ ನಡೆಯುತ್ತಿತ್ತು. ಐದು ವರ್ಷಗಳ ಅಂತರದಲ್ಲಿ ರಾಜ್ಯ ಕೈಬದಲಾಯಿಸಿದ್ದನ್ನು ನಾಲ್ಕಾರು ತಾಮ್ರದ ಹಲಗೆಗಳು ಹೇಳುತ್ತವೆ.

ಭೂದಾನವನ್ನು ಧಾರೆಯೆರೆದು ಕೊಡುವುದು ನಮ್ಮ ಪೂರ್ವಿಕರ ವಾಡಿಕೆ. ಗಿಂಡಿಯಿಂದ ಎರೆದ ನೀರು ಆ ಗಳಿಗೆಯಲ್ಲಿಯೇ ನೆಲಕ್ಕಿಳಿಯಿತು; ತಾಮ್ರದ ಮೇಲಣ ಅಕ್ಷರ ಮಾತ್ರ ಉಳಿಯಿತು. ಆ ಹಲಗೆಗಳು ಯಾರೋ ಒಬ್ಬ ಕಂಚುಗಾರನ ಮೂಸೆಗೆ ಬಿದ್ದಿದ್ದರೆ ಒಳ್ಳೆಯ ಗಿಂಡಿಗಳಾಗುತ್ತಿದ್ದವು, ಸಂದೇಹವಿಲ್ಲ. ಆದರೆ ಶ್ರೀವಿಜಯನ ಹೆಸರನ್ನು ಆ ಗಿಂಡಿಗಳು ಹೇಳುತ್ತಿರಲಿಲ್ಲ.

ಹೂಜಿಯ ವಿಷಯದಲ್ಲಿ ನಾವು ಕೋರುವುದೂ ಇಷ್ಟೆ. ಮುದ್ರೆಗಳಿರುವೆಡೆ ವಿಭೂತಿ ಹಾಕಿ ಬಲವಾಗಿ ಉಜ್ಜಬೇಡಿರಿ. ವರ್ಷಗಟ್ಟಲೆ ಉಜ್ಜಿದರೆ ಅಕ್ಷರ ಸವೆಯುವುದು. ಕುದಿನೀರನ್ನು ಹೊಯ್ಯಬೇಡಿರಿ, ಗಾಜು ಸೀಳುವುದು. ಸೀಸವಿರುವ ಗಾಜಾದುದರಿಂದ ಹುಳಿಯ ಪಾನಕವನ್ನು ದಿನಗಟ್ಟಲೆ ಅದರಲ್ಲಿಡಬೇಡಿರಿ. ಮಾರಲೇಬೇಕಾಗಿ ಬಂದರೆ, ತಕ್ಕಡಿಗೆ ಇಡುವ ಮುನ್ನ ಒಂದು ಭೂತಗನ್ನಡಿಯನ್ನು ಹಿಡಿದು ಅದರ ಕೊರಳನ್ನು ಓದಿರಿ. ನಿಮ್ಮ ಮನೆಗೆ ಅದನ್ನು ತಂದವರಾರು, ಯಾವಾಗ ತಂದರು ಎಂಬುದನ್ನು ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು ಒಳಗಿಡಿರಿ. ತೂಕವನ್ನು ಅಂಗಡಿಯವನು ಯಾವಾಗ ಬೇಕಾದರೂ ಹೇಳಿಯಾನು. ಹಿರಿಯರ ನೆನಪು ಅಷ್ಟು ಕಾಲ ಕಾಯುವುದಿಲ್ಲ.