ಗಾಳಿಕೋವಿಯ ಕಥೆ: ರಣರಂಗದಿಂದ ಹತ್ತು ಮೀಟರಿನ ಅಂಕಣಕ್ಕೆ



ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಅದರ ಹಿಡಿಯನ್ನು ಒತ್ತಿ ನೋಡಿದ್ದೀರಾ? ಒಂದು ಹಂತದವರೆಗೆ ಹಿಡಿ ಕೆಳಗಿಳಿಯುತ್ತದೆ. ಆಮೇಲೆ ಒಳಗಿನ ಗಾಳಿ ಅದನ್ನು ಮೇಲಕ್ಕೆ ನೂಕುತ್ತದೆ. ಮಲೆನಾಡಿನ ಮಕ್ಕಳು ಬಿದಿರಿನಿಂದ ಮಾಡಿಕೊಳ್ಳುವ ಪೆಟ್ಲು ಎಂಬ ಆಟಿಕೆ ಕೆಲಸ ಮಾಡುವುದೂ ಹೀಗೆಯೇ. ಕೊಳವೆಯ ಎರಡು ತುದಿಗೂ ಒಂದೊಂದು ಹಸಿ ಕಾಯಿಯನ್ನು ಬಿಗಿಯಾಗಿ ತುರುಕಿ, ಹಿಂದಿನದನ್ನು ಕೋಲಿನಿಂದ ರಭಸವಾಗಿ ತಳ್ಳಿದರೆ, ನಡುವೆ ಸಿಕ್ಕಿಬಿದ್ದ ಗಾಳಿ ಮುಂದಿನ ಕಾಯಿಯನ್ನು 'ಪಟ್' ಎಂದು ಹಾರಿಸುತ್ತದೆ. ಇಂದು ನಾವು ಒಲಿಂಪಿಕ್ಸ್‌ನಲ್ಲಿ ನೋಡುವ, ಲಕ್ಷಾಂತರ ರೂಪಾಯಿ ಬೆಲೆಬಾಳುವ ಏರ್ ರೈಫಲ್ ಈ ಪೆಟ್ಲುವಿನ ದೂರದ ಬಂಧು. ಈ ಎರಡರ ನಡುವೆ ಏನೇನು ನಡೆಯಿತು, ಆ ಇತಿಹಾಸ ಇಂದು ರೈಫಲ್ ಹಿಡಿಯಲು ಹೊರಟಿರುವ ನಿಮಗೆ ಏನು ಹೇಳುತ್ತದೆ ಎಂಬುದನ್ನು ನೋಡೋಣ.

ಗಾಳಿಯ ಒತ್ತಡದಿಂದ ಆಯುಧ ನಡೆಸುವ ಯೋಚನೆ ಹಳೆಯದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ಇಂಥ ಯಂತ್ರಗಳ ಬಗ್ಗೆ ಚಿಂತಿಸಿದ್ದನು. ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನ ಅರಮನೆಗಳಲ್ಲಿ ಗಾಳಿಕೋವಿಗಳು ಶ್ರೀಮಂತರ ವಿನೋದದ ವಸ್ತುಗಳಾಗಿದ್ದವು. ಆದರೆ ಗಾಳಿಕೋವಿಯನ್ನು ಒಂದು ಸೈನ್ಯವೇ ಗಂಭೀರವಾಗಿ ಕೈಗೆತ್ತಿಕೊಂಡದ್ದು ಆಸ್ಟ್ರಿಯದಲ್ಲಿ, ಸುಮಾರು 1780ರಲ್ಲಿ. ಅದನ್ನು ರೂಪಿಸಿದವನು ಬಾರ್ತೊಲೊಮೆಯೊ ಗಿರಾರ್ದೋನಿ ಎಂಬ ಕುಶಲಕರ್ಮಿ.

ಗಿರಾರ್ದೋನಿಯ ರೈಫಲ್ ಎಷ್ಟು ಮುಂದುವರಿದದ್ದಾಗಿತ್ತು ಎಂಬುದನ್ನು ತಿಳಿಯಲು ಆ ಕಾಲದ ಮಾಮೂಲು ಸಿಪಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅವನು ನಿಂತುಕೊಂಡೇ ನಳಿಗೆಗೆ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿದು, ಗುರಿ ಹಿಡಿಯಬೇಕಾಗಿತ್ತು. ಚೆನ್ನಾಗಿ ಪಳಗಿದವನು ನಿಮಿಷಕ್ಕೆ ಮೂರು ಸಲ ಹೊಡೆದರೆ ಹೆಚ್ಚು. ಮಳೆ ಬಂದರೆ ಮದ್ದು ಒದ್ದೆ. ಹೊಡೆದ ಕೂಡಲೇ ಹೊಗೆ ಎದ್ದು ಅವನಿದ್ದ ಜಾಗವನ್ನು ಶತ್ರುವಿಗೆ ತೋರಿಸಿಕೊಡುತ್ತಿತ್ತು. ಗಿರಾರ್ದೋನಿಯ ಕೋವಿಯಲ್ಲಾದರೋ, ನಳಿಗೆಯ ಪಕ್ಕದಲ್ಲಿದ್ದ ಕೊಳವೆಯೊಳಗೆ ಇಪ್ಪತ್ತು ಸೀಸದ ಗುಂಡುಗಳು ಸಾಲಾಗಿ ಕಾದಿರುತ್ತಿದ್ದವು. ಕೋವಿಯ ಮೂತಿಯನ್ನು ಮೇಲೆತ್ತಿ ಒಂದು ಅಡ್ಡಪಟ್ಟಿಯನ್ನು ಒತ್ತಿಬಿಟ್ಟರೆ ಮುಂದಿನ ಗುಂಡು ತಾನಾಗಿಯೇ ಸ್ಥಾನಕ್ಕೆ ಬರುತ್ತಿತ್ತು. ಸಿಪಾಯಿ ಮಲಗಿಕೊಂಡೇ ಹೊಡೆಯಬಹುದಾಗಿತ್ತು. ಹೊಗೆಯಿಲ್ಲ, ಬೆಂಕಿಯಿಲ್ಲ, ಸದ್ದೂ ಕಡಿಮೆ. 1788ರಲ್ಲಿ ಆರಂಭವಾದ ತುರ್ಕಿಯರ ಮೇಲಿನ ಯುದ್ಧದಲ್ಲಿ ಆಸ್ಟ್ರಿಯ ಇದನ್ನು ಬಳಸಿತು. ಈ ಕೋವಿ ಹಿಡಿದು ಸಿಕ್ಕಿಬಿದ್ದವರನ್ನು ನೆಪೋಲಿಯನ್ ಗಲ್ಲಿಗೇರಿಸಲು ಆಜ್ಞೆ ಮಾಡಿದ್ದನೆಂಬ ಕಥೆಯೊಂದು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಬಂದಿದೆ. ಕಥೆ ರೋಚಕವಾಗಿದೆ, ಆದರೆ ಅದಕ್ಕೆ ಗಟ್ಟಿಯಾದ ದಾಖಲೆಯಿಲ್ಲ. ಇತಿಹಾಸ ಓದುವವರು ಇಂಥ ಕಡೆ ಸ್ವಲ್ಪ ನಿಲ್ಲುವುದು ಒಳ್ಳೆಯದು.

ಇಷ್ಟೆಲ್ಲ ಗುಣಗಳಿದ್ದರೂ 1815ರ ಹೊತ್ತಿಗೆ ಈ ಕೋವಿ ಸೈನ್ಯದಿಂದ ಮರೆಯಾಯಿತು. ಏಕೆ? ಉತ್ತರ ಅದರ ಹಿಂಭಾಗದಲ್ಲಿತ್ತು. ಭುಜಕ್ಕೆ ಆನಿಸುವ ಭಾಗವೇ ಕಬ್ಬಿಣದ ಗಾಳಿಬುರುಡೆ. ಅದನ್ನು ತಿರುಗಿಸಿ ಬಿಚ್ಚಿ, ಕೈಪಂಪಿನಿಂದ ಸುಮಾರು 1500 ಸಲ ಒತ್ತಿದರೆ ಅದು ತುಂಬುತ್ತಿತ್ತು. ಒಳಗಿನ ಒತ್ತಡ ವಾಯುಮಂಡಲದ ಒತ್ತಡದ ಐವತ್ತು ಪಟ್ಟಿಗೂ ಹೆಚ್ಚು. ಹೀಗೆ ತುಂಬಿದ ಒಂದು ಬುರುಡೆಯಿಂದ ಉಪಯುಕ್ತವಾಗಿ ಹೊಡೆಯಬಹುದಾಗಿದ್ದುದು ಸುಮಾರು ಮೂವತ್ತು ಗುಂಡು. ಚರ್ಮದ ಬಿರಡೆ ಒಣಗಿದರೆ ಗಾಳಿ ಸೋರುತ್ತಿತ್ತು. ರಿಪೇರಿ ಬಲ್ಲ ಕಮ್ಮಾರರು ವಿರಳ. ಇವೆಲ್ಲಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿತ್ತು. ಪ್ರತಿ ಗುಂಡಿಗೂ ಬುರುಡೆಯ ಒತ್ತಡ ಇಳಿಯುತ್ತಿದ್ದುದರಿಂದ ಇಪ್ಪತ್ತನೆಯ ಗುಂಡು ಮೊದಲನೆಯದರಷ್ಟು ವೇಗವಾಗಿ ಹೋಗುತ್ತಿರಲಿಲ್ಲ. ಗುರಿ ಅದೇ, ಕೈ ಅದೇ, ಆದರೆ ಗುಂಡು ಬೀಳುವ ಜಾಗ ಮಾತ್ರ ಕೆಳಕ್ಕೆ ಜಾರುತ್ತಿತ್ತು. ಈ ತೊಂದರೆಯನ್ನು ನೆನಪಿನಲ್ಲಿಡಿ. ಗಾಳಿಕೋವಿಯ ಮುಂದಿನ ಇನ್ನೂರು ವರ್ಷಗಳ ಕಥೆ ಬಹುಮಟ್ಟಿಗೆ ಇದರ ಪರಿಹಾರದ ಕಥೆಯೇ.

ಇಂಥದೇ ಒಂದು ಕೋವಿ ಅಟ್ಲಾಂಟಿಕ್ ಸಾಗರವನ್ನೂ ದಾಟಿತು. 1803ರಿಂದ 1806ರವರೆಗೆ ಅಮೆರಿಕದ ಪಶ್ಚಿಮ ಭಾಗವನ್ನು ಶೋಧಿಸಲು ಹೋದ ಲೂಯಿಸ್ ಮತ್ತು ಕ್ಲಾರ್ಕ್ ತಂಡದಲ್ಲಿ ಮೆರಿವೆದರ್ ಲೂಯಿಸ್‌ನ ಬಳಿ ಗಾಳಿಕೋವಿಯಿತ್ತು. ಅದು ಗಿರಾರ್ದೋನಿ ಮಾದರಿಯದೇ ಇರಬೇಕೆಂದು ಈಚಿನ ಅನೇಕ ಇತಿಹಾಸಕಾರರ ಅಭಿಪ್ರಾಯ. ದಾರಿಯಲ್ಲಿ ಸಿಕ್ಕ ಮೂಲನಿವಾಸಿಗಳ ಮುಂದೆ ಅದನ್ನು ಹಾರಿಸಿ ತೋರಿಸುವುದು ಲೂಯಿಸ್‌ನ ರೂಢಿ. ಆದರೆ ಅವನ ದಿನಚರಿಯಲ್ಲಿ ಈ ಕೋವಿಯ ಮೊದಲ ಪ್ರಸ್ತಾಪವೇ ಒಂದು ಅಪಘಾತ. 1803ರ ಆಗಸ್ಟ್ 30ರಂದು, ಪಿಟ್ಸ್‌ಬರ್ಗಿನಿಂದ ದೋಣಿ ಹೊರಟ ದಿನವೇ, ಹತ್ತಿರದ ದ್ವೀಪವೊಂದರಲ್ಲಿ ಜನರ ಕೋರಿಕೆಯಂತೆ ಲೂಯಿಸ್ ಕೋವಿಯನ್ನು ಹಾರಿಸಿ ತೋರಿಸಿದನು. ಆಮೇಲೆ ಅದು ಅದರ ಬಳಕೆ ತಿಳಿಯದ ಒಬ್ಬನ ಕೈಗೆ ಹೋಯಿತು. ಅವನ ಕೈಯಲ್ಲಿ ಅಕಸ್ಮಾತ್ತಾಗಿ ಹಾರಿದ ಗುಂಡು ಸುಮಾರು ನಲವತ್ತು ಗಜ ದೂರದಲ್ಲಿದ್ದ ಮಹಿಳೆಯ ಟೋಪಿಯನ್ನು ತೂರಿ ಕಣತಲೆಯನ್ನು ಸವರಿಕೊಂಡು ಹೋಯಿತು. ಆಕೆ ಕುಸಿದು ಬಿದ್ದಳು. ಸತ್ತೇಹೋದಳೆಂದು ಎಲ್ಲರೂ ಗಾಬರಿಯಾದರು. ಪುಣ್ಯಕ್ಕೆ ಗಾಯ ಆಳವಾಗಿರಲಿಲ್ಲ.

'ಬರೀ ಗಾಳಿ ತಾನೇ' ಎಂದು ನಮ್ಮಲ್ಲಿ ಇಂದಿಗೂ ಹೇಳುವವರಿದ್ದಾರೆ. ಆ ಮಾತನ್ನು ಕೇಳಿದಾಗಲೆಲ್ಲ ಈ ಟೋಪಿಯನ್ನು ನೆನೆಯಿರಿ. ಗುಂಡು ಇರಲಿ ಬಿಡಲಿ ಕೋವಿಯ ಮೂತಿ ಮನುಷ್ಯರ ಕಡೆ ತಿರುಗಬಾರದು, ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು, ಗುರಿಯ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಇಂದಿನ ಸ್ಪರ್ಧೆಗಳಲ್ಲಿ ಹೊಡೆಯದಿರುವಾಗ ನಳಿಗೆಗೆ ಕಿತ್ತಳೆ ಬಣ್ಣದ ದಾರವೊಂದನ್ನು ತೂರಿಸಿಡಬೇಕೆಂಬ ನಿಯಮವೇ ಇದೆ. ನಳಿಗೆ ಖಾಲಿ ಎಂಬುದು ದೂರದಿಂದಲೇ ಕಾಣಲಿ ಎಂದು.

ಹತ್ತೊಂಬತ್ತನೆಯ ಶತಮಾನದಲ್ಲಿ ಗಾಳಿಕೋವಿ ಜಾತ್ರೆ, ಸಂತೆಗಳ ಆಟದ ಅಂಗಡಿಗೆ ಇಳಿಯಿತು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಗಾಳಿಯಂತ್ರ ತಯಾರಿಸುತ್ತಿದ್ದ ಕಂಪನಿಯೊಂದು 1880ರ ದಶಕದ ಕೊನೆಯಲ್ಲಿ ಡೈಸಿ ಎಂಬ ಮಕ್ಕಳ ಕೋವಿ ಮಾಡತೊಡಗಿ, ಕಡೆಗೆ ಗಾಳಿಯಂತ್ರವನ್ನೇ ಬಿಟ್ಟು ಅದನ್ನೇ ಕಸುಬಾಗಿಸಿಕೊಂಡಿತು. ಇಂಗ್ಲೆಂಡಿನಲ್ಲಿ 1905ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಾರ್ಖಾನೆ ಲಿಂಕನ್ ಜೆಫ್ರೀಸ್‌ನ ವಿನ್ಯಾಸದ ರೈಫಲ್ ತಯಾರಿಸಿತು. ಅದರಿಂದ ಲೋಹದ ತಟ್ಟೆಯ ನಡುವಿನ ತೂತಿನ ಮೂಲಕ ಗಂಟೆಗೆ ಹೊಡೆಯುವ ಪಂದ್ಯ ಊರೂರಿಗೆ ಹಬ್ಬಿತು. ಈ ಅಗ್ಗದ ಕೋವಿಗಳಿಗೆ ಒಂದು ಕರಾಳ ಮುಖವೂ ಇದೆ. ಹಕ್ಕಿಗಳು ಅವುಗಳಿಗೆ ಬಲಿಯಾಗುತ್ತ ಬಂದವು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದ್ದರೂ ಈ ಹವ್ಯಾಸ ನಿಲ್ಲಲಿಲ್ಲ. 2021ರ ಮಾರ್ಚಿಯಲ್ಲಿ ಅರುಣಾಚಲ ಪ್ರದೇಶದ ಲುಮ್ದುಂಗ್ ಎಂಬ ಹಳ್ಳಿಯಲ್ಲಿ ಜನ ತಮ್ಮ ಏರ್‌ಗನ್‌ಗಳನ್ನು ತಾವಾಗಿಯೇ ಸರ್ಕಾರಕ್ಕೆ ಒಪ್ಪಿಸುವ ಚಳವಳಿ ಆರಂಭವಾಗಿ ರಾಜ್ಯದ ಉಳಿದೆಡೆಗೂ ಹರಡಿತು. ಏರ್‌ಗನ್ ಮೌನವಾಗಿ ಕೊಲ್ಲುತ್ತದೆ. ಕಾಡು ಖಾಲಿಯಾದದ್ದು ಆಮೇಲೆ ತಿಳಿಯುತ್ತದೆ.

ಗಾಳಿಕೋವಿ ನಿಜವಾದ ಕ್ರೀಡಾ ಸಾಧನವಾದದ್ದು ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ. ಯುದ್ಧಾನಂತರ ಅಲ್ಲಿ ಮದ್ದಿನ ಬಂದೂಕುಗಳ ತಯಾರಿಕೆಗೆ ನಿಷೇಧವಿತ್ತು. ನಿರ್ಬಂಧ ಸಡಿಲವಾದಾಗ ಮೊದಲು ಕೈಗೆ ಸಿಕ್ಕಿದ್ದು ಗಾಳಿಕೋವಿ. ಬಂದೂಕು ಮಾಡಿ ಪಳಗಿದ ಕೈಗಳ ಜಾಣ್ಮೆಯೆಲ್ಲ ಅದರೊಳಕ್ಕೆ ಹರಿಯಿತು. ಓಬರ್ನ್‌ಡೋರ್ಫ್ ಪಟ್ಟಣದಲ್ಲಿ ಹಿಂದೆ ಮೌಸರ್ ಕಾರ್ಖಾನೆಯಲ್ಲಿದ್ದ ಇಬ್ಬರು ಎಂಜಿನಿಯರುಗಳು ಸ್ಥಾಪಿಸಿದ ಫೈನ್‌ವೆರ್ಕ್‌ಬೌ ಸಂಸ್ಥೆ 1960ರ ದಶಕದ ಆರಂಭದಲ್ಲಿ ತಂದ ರೈಫಲ್ ಒಂದು ಮೈಲಿಗಲ್ಲು.

ಅದು ಬಿಡಿಸಿದ ಒಗಟು ಇದು. ಸ್ಪ್ರಿಂಗ್ ಇರುವ ಗಾಳಿಕೋವಿಯಲ್ಲಿ ಟ್ರಿಗರ್ ಒತ್ತಿದಾಗ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ. ನ್ಯೂಟನ್ನನ ಮೂರನೆಯ ನಿಯಮ ನಿಮಗೆ ಗೊತ್ತೇ ಇದೆ: ಕೋವಿ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಕೊನೆಯಲ್ಲಿ ಗಾಳಿಯ ದಿಂಬಿಗೆ ತಾಗಿ ನಿಂತಾಗ ಕೋವಿ ಮುಂದಕ್ಕೆ ಜಗ್ಗುತ್ತದೆ. ಈ ಅಲುಗಾಟ ಶುರುವಾಗುವಾಗ ಗುಂಡು ಇನ್ನೂ ನಳಿಗೆಯೊಳಗೇ ಇರುತ್ತದೆ! ಫೈನ್‌ವೆರ್ಕ್‌ಬೌ ಎಂಜಿನಿಯರುಗಳು ನಳಿಗೆ, ಪಿಸ್ಟನ್ ಇರುವ ಇಡೀ ಯಂತ್ರಭಾಗವನ್ನು ಮರದ ಚೌಕಟ್ಟಿನೊಳಗೆ ಹಳಿಯ ಮೇಲೆ ಕೂರಿಸಿದರು. ಒದೆತ ಹಳಿಯ ಮೇಲೆಯೇ ಜಾರಿಹೋಗಿ ಭುಜಕ್ಕೆ ಮುಟ್ಟಲಿಲ್ಲ. 1966ರಲ್ಲಿ ವೀಸ್‌ಬಾಡೆನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಏರ್ ರೈಫಲ್ ಸ್ಪರ್ಧೆ ಸೇರಿಕೊಂಡಿತು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್‌ಗೂ ಕಾಲಿಟ್ಟಿತು.

ಮುಂದೆ ಸ್ಪ್ರಿಂಗೇ ಹೋಯಿತು. ಇಂದಿನ ಸ್ಪರ್ಧಾ ರೈಫಲ್‌ಗಳು ಗಿರಾರ್ದೋನಿಯ ದಾರಿಗೇ ಮರಳಿವೆ: ಮೊದಲೇ ತುಂಬಿದ ಸಿಲಿಂಡರ್, ಒಳಗೆ ಸುಮಾರು 200 ಬಾರ್ ಒತ್ತಡ. ವ್ಯತ್ಯಾಸವೆಂದರೆ ಸಿಲಿಂಡರಿಗೂ ಕವಾಟಕ್ಕೂ ನಡುವೆ ಕುಳಿತ ರೆಗ್ಯುಲೇಟರ್. ಸಿಲಿಂಡರಿನಲ್ಲಿ ಎಷ್ಟೇ ಒತ್ತಡವಿರಲಿ, ಅದು ಪ್ರತಿ ಸಲವೂ ಒಂದೇ ಒತ್ತಡದ ಗಾಳಿಯನ್ನು ಅಳೆದು ಕೊಡುತ್ತದೆ. ಆಸ್ಟ್ರಿಯದ ಸಿಪಾಯಿಯ ಇಪ್ಪತ್ತನೆಯ ಗುಂಡಿನ ಸಂಕಟ ಪರಿಹಾರವಾದದ್ದು ಹೀಗೆ.

ಈಗ ಆಯ್ಕೆಯ ಮಾತು. ಜಾಹೀರಾತುಗಳು ವೇಗವನ್ನು ಮಾರುತ್ತವೆ. ನೀವು ಅದಕ್ಕೆ ಮರುಳಾಗಬೇಡಿ. ಒಲಿಂಪಿಕ್ಸ್ ರೈಫಲ್‌ನ ಗುಂಡಿನ ವೇಗ ಸೆಕೆಂಡಿಗೆ ಸುಮಾರು 170 ಮೀಟರ್ ಅಷ್ಟೇ. ಶಬ್ದದ ವೇಗದ ಹತ್ತಿರಕ್ಕೆ ಹೋದರೆ ಈ ಹಗುರ ಗುಂಡು ಅಲುಗಾಡಿ ದಾರಿ ತಪ್ಪುತ್ತದೆ. ಹತ್ತು ಮೀಟರಿನ ಗುರಿಫಲಕದ ಮಧ್ಯದ ಚುಕ್ಕೆ ಕೇವಲ 0.5 ಮಿಲಿಮೀಟರ್, ಗುಂಡಿನ ವ್ಯಾಸ 4.5 ಮಿಲಿಮೀಟರ್. ಗುಂಡಿನ ಅಂಚು ಚುಕ್ಕೆಗೆ ತಾಗಿದರೂ ಹತ್ತು ಅಂಕ. ಅಂದರೆ ಗುಂಡಿನ ಕೇಂದ್ರ ಗುರಿಯಿಂದ 2.5 ಮಿಲಿಮೀಟರ್ ಒಳಗಿರಬೇಕು. ಹಿಂದಿನ ಮತ್ತು ಮುಂದಿನ ದೃಷ್ಟಿಕಗಳ ನಡುವೆ ಮುಕ್ಕಾಲು ಮೀಟರ್ ಅಂತರವಿದೆ ಎಂದುಕೊಂಡು ನೀವೇ ಲೆಕ್ಕ ಹಾಕಿ: ಅಲ್ಲಿ ಆಗಬಹುದಾದ ತಪ್ಪು 0.2 ಮಿಲಿಮೀಟರಿಗಿಂತ ಕಡಿಮೆ! ಇಲ್ಲಿ ಬೇಕಾದದ್ದು ಬಲವಲ್ಲ, ಏಕರೂಪತೆ. ಆದ್ದರಿಂದ ನಿಮ್ಮ ಮೈಕಟ್ಟಿಗೆ ಹೊಂದುವ ತೂಕ, ಹಗುರವೂ ಸ್ಪಷ್ಟವೂ ಆದ ಟ್ರಿಗರ್, ಅತ್ತಿತ್ತ ಸರಿಸಬಹುದಾದ ಕೆನ್ನೆಪಟ್ಟಿ ಮತ್ತು ಭುಜಪಟ್ಟಿ ಇವನ್ನು ನೋಡಿ. ನಿಯಮದ ಪ್ರಕಾರ ತೂಕ 5.5 ಕಿಲೋಗ್ರಾಂ ಮೀರುವಂತಿಲ್ಲ. ಹಳೆಯ ರೈಫಲ್ ಕೊಳ್ಳುವುದಾದರೆ ಸಿಲಿಂಡರಿನ ಮೇಲೆ ಕೆತ್ತಿರುವ ದಿನಾಂಕವನ್ನು ಮೊದಲು ಓದಿ, ಅವಧಿ ಮುಗಿದದ್ದನ್ನು ಮುಟ್ಟಬೇಡಿ. ನಿಜ ಹೇಳಬೇಕೆಂದರೆ, ಮೊದಲ ವರ್ಷ ಕ್ಲಬ್ಬಿನ ರೈಫಲ್ಲೇ ಸಾಕು.

ಗುಂಡುಗಳ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಸ್ಪರ್ಧೆಯ ಗುಂಡಿನ ತಲೆ ಚಪ್ಪಟೆ, ಕಾಗದದಲ್ಲಿ ಅಚ್ಚುಕಟ್ಟಾದ ದುಂಡು ತೂತು ಮೂಡಲೆಂದು. ಒಂದೇ ಕಂಪನಿಯ ಗುಂಡುಗಳಲ್ಲೂ ತಲೆಯ ವ್ಯಾಸ 4.49, 4.50 ಎಂದು ಕೂದಲೆಳೆಯಷ್ಟು ಬೇರೆಯಾಗಿರುತ್ತದೆ. ಯಾವ ನಳಿಗೆಗೆ ಯಾವುದು ಒಗ್ಗುತ್ತದೆಂದು ಬಾಯಿಮಾತಿನಲ್ಲಿ ಹೇಳಲಾಗದು. ರೈಫಲನ್ನು ಬಿಗಿಯಾಗಿ ಕಚ್ಚಿಸಿಟ್ಟು, ಬೇರೆ ಬೇರೆ ಡಬ್ಬಿಗಳಿಂದ ಹೊಡೆದು, ಯಾವುದರ ತೂತುಗಳು ಒತ್ತಾಗಿ ಬೀಳುತ್ತವೆ ಎಂದು ನೋಡುವುದೊಂದೇ ದಾರಿ.

ಹೊಂದಿಸುವಾಗ ರೈಫಲ್ ನಿಮ್ಮ ಕಡೆಗೆ ಬರಬೇಕು. ನೀವು ಅದರ ಕಡೆಗೆ ಬಾಗಬಾರದು. ಕೆನ್ನೆ ಇಟ್ಟಾಗ ಕತ್ತು ಹಿಂಡದೆ ಕಣ್ಣು ತಾನಾಗಿ ದೃಷ್ಟಿಕದ ತೂತಿನ ನೇರಕ್ಕೆ ಬರಬೇಕು. ನಿಂತು, ಗುರಿಯಿಟ್ಟು, ಕಣ್ಣು ಮುಚ್ಚಿ ಎರಡು ಉಸಿರು ಬಿಡಿ. ಕಣ್ಣು ತೆರೆದಾಗ ರೈಫಲ್ ಎಲ್ಲಿ ನೋಡುತ್ತಿದೆಯೋ ಅದೇ ನಿಮ್ಮ ದೇಹದ ಸಹಜ ಗುರಿ. ಅದು ಪಕ್ಕಕ್ಕಿದ್ದರೆ ಕೈಯಿಂದ ಎಳೆಯಬೇಡಿ, ಪಾದಗಳನ್ನು ಸರಿಸಿ. ಗುಂಡುಗಳು ಒಂದೇ ಕಡೆ ಒತ್ತಾಗಿ, ಆದರೆ ಎಡಕ್ಕೆ ಬೀಳುತ್ತಿದ್ದರೆ ಹಿಂದಿನ ದೃಷ್ಟಿಕವನ್ನು ಬಲಕ್ಕೆ ತಿರುಗಿಸಿ. ಚದುರಿ ಬೀಳುತ್ತಿದ್ದರೆ ದೃಷ್ಟಿಕವನ್ನು ಮುಟ್ಟಬೇಡಿ, ಆಗ ತಪ್ಪಿರುವುದು ನಿಲುವಿನಲ್ಲಿ. ಗುಂಡು ಹಾರಿದ ಮೇಲೂ ಒಂದು ಕ್ಷಣ ಹಾಗೆಯೇ ನಿಲ್ಲುವುದನ್ನು ಮರೆಯಬೇಡಿ.

2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಫೈನಲ್‌ಗೆ ಮುಂಚಿನ ಪ್ರಯೋಗದ ಗುಂಡು ನಾಲ್ಕರ ಉಂಗುರಕ್ಕೆ ಬಿದ್ದುದನ್ನು ಅಭಿನವ್ ಬಿಂದ್ರಾ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅರ್ಹತಾ ಸುತ್ತಿನಲ್ಲಿ 600ಕ್ಕೆ 596 ಪಡೆದಿದ್ದ ರೈಫಲ್ ಅದು! ಉಳಿದಿದ್ದ ಕೆಲವೇ ನಿಮಿಷಗಳಲ್ಲಿ ಅವರು ದೃಷ್ಟಿಕವನ್ನು ಮತ್ತೆ ಹೊಂದಿಸಿಕೊಂಡರು. ಕೊನೆಯ ಗುಂಡಿಗೆ ಬರುವಾಗ ಅವರೂ ಫಿನ್ಲೆಂಡಿನ ಹೆನ್ರಿ ಹಾಕ್ಕಿನೆನ್ ಕೂಡ ಸರಿಸಮ. ಬಿಂದ್ರಾ ಹೊಡೆದದ್ದು 10.8, ಹಾಕ್ಕಿನೆನ್ 9.7. ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ ಚಿನ್ನ ಬಂದದ್ದು ಹೀಗೆ.

ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ ಅದಕ್ಕೂ ಮೊದಲೇ, 2004ರಲ್ಲಿ, ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಪಡೆದು ವಿಶ್ವದಾಖಲೆ ಸರಿಗಟ್ಟಿದ್ದರು. ನಲವತ್ತು ಗುಂಡು, ನಲವತ್ತೂ ಹತ್ತು. ಆಮೇಲೆ ಅವರು ತರಬೇತಿಯ ಕಡೆ ತಿರುಗಿದರು. ಅವರ ಗರಡಿಯಲ್ಲಿ ಪಳಗಿದ ಅವನಿ ಲೇಖರಾ ಗಾಲಿಕುರ್ಚಿಯಲ್ಲಿ ಕುಳಿತು ಹೊಡೆಯುವವರು. 2021ರಲ್ಲಿ ಟೋಕಿಯೋದಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ ಹತ್ತು ಮೀಟರ್ ಏರ್ ರೈಫಲ್ ಚಿನ್ನ ಗೆದ್ದ ಅವರು, 2024ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಮತ್ತೊಮ್ಮೆ ಗೆದ್ದರು.